ಹೊಳೆಯಾಗಿ ನಿಂತ ಜುಲ್ಮಿರಕ್ಕ

ಎಂಟು ಜನ ಗಂಡಸರು, ಎಂಟೂ ಜನಕ್ಕೆ ಮೀಸೆ, ಸೊಂಟಕ್ಕೆ ಕಸೂತಿ ಅಂಚಿನ ಬಿಳಿ ಲಂಗ. ತಲೆಗೆ ಹೂವು, ರಿಬ್ಬನ್ನು ಸಿಕ್ಕಿಸಿದ ಕರಿ ಟೋಪಿ, ಎರಡೂ ಕೈಯಲ್ಲಿ ಓಕ್ ಮರದ ಗಿಡ್ಡ ಕೋಲು. ಇದು ಸ್ಪೇನಿನ ಗಡಿಗೆ ಅಂಟಿದ ನಮ್ಮ ಕಡೆಯ ಕೋಲಾಟ. ಆ ಲಂಗಗಳು ನಮ್ಮ ತಾಯಂದಿರದು, ಅಕ್ಕಂದಿರದು. ಅವಕ್ಕೆ ಗಂಜಿ ಹಾಕಿ, ಇಸ್ತ್ರಿ ಮಾಡಿ, ನಮ್ಮ ಸೊಂಟಕ್ಕೆ ಸುತ್ತಿ, ಹಿಂದೆ ಲಾಡಿ ಬಿಗಿದು ಕಳಿಸುತ್ತಿದ್ದವರೂ ಅವರೇ. ಹಾಗೆ ಲಂಗ ತೊಟ್ಟು ಚೌಕಕ್ಕೆ ಬಂದ ಮೇಲೆ ನಮ್ಮೂರ ಗಂಡಸರು ಬಲು ಗಂಭೀರವಾಗಿ ಹೇಳುತ್ತಿದ್ದ ಮಾತು, ಕೋಲು ಹೆಂಗಸರು ಮುಟ್ಟುವ ವಸ್ತುವಲ್ಲ ಎಂದು. ಈಗ ನೆನೆದರೆ ನಗು ಬರುತ್ತದೆ. ಆಗ ಯಾರಿಗೂ ಬರುತ್ತಿರಲಿಲ್ಲ.

ನಾನು ಕುಣಿಯುವವನಲ್ಲ, ದೊಡ್ಡ ಡೋಲು ಬಾರಿಸುವವನು. ಹೆಸರು ದೆಲ್ಫಿಂ. ಮೀಸೆ ಚಿಗುರುವ ವಯಸ್ಸಿನಲ್ಲಿ ಒಂದು ಚಳಿಗಾಲ ನನಗೂ ಕೋಲು ಕೊಟ್ಟು ನೋಡಿದರು. ನನ್ನ ಕಾಲಿಗೂ ಕೈಗೂ ಮಾತುಕತೆ ಇರಲಿಲ್ಲ. "ಇವನನ್ನ ಡೋಲಿಗೆ ಕಟ್ಟಿ ಹಾಕಿ, ಒಂದೇ ಕಡೆ ನಿಂತಿರಲಿ" ಎಂದು ಅಬೀಲಿಯು ಮೇಷ್ಟ್ರು ತೀರ್ಪು ಕೊಟ್ಟರು. ಒಳ್ಳೆಯದೇ ಆಯಿತು. ಕುಣಿಯುವವನಿಗೆ ಎದುರಿನವನ ಕೋಲು ಬಿಟ್ಟರೆ ಬೇರೇನೂ ಕಾಣುವುದಿಲ್ಲ, ಡೋಲಿನವನಿಗೆ ಎಲ್ಲ ಕಾಣುತ್ತದೆ. ಜುಲ್ಮಿರಕ್ಕನ ಕಥೆ ಹೇಳುವ ಹಕ್ಕು ನನಗಿದೆ ಅಂದುಕೊಂಡಿರುವುದು ಅದಕ್ಕೇ.

ಜುಲ್ಮಿರಕ್ಕ ಅಬೀಲಿಯು ಮೇಷ್ಟ್ರ ಒಬ್ಬಳೇ ಮಗಳು. ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ, ಕುರಿ ಸಾಕಿಕೊಂಡಿದ್ದವರು. ಕೋಲಾಟ ಕಲಿಸುವವರನ್ನು ನಮ್ಮ ಕಡೆ ಹಾಗೆ ಕರೆಯುತ್ತೇವೆ. ಊರಿಗೆ ಒಬ್ಬರೇ ಮೇಷ್ಟ್ರು. ಪಾದ್ರಿಯ ಎದುರು ಸಿಗರೇಟು ಸೇದಿದರೂ ನಡೆಯುತ್ತಿತ್ತು, ಮೇಷ್ಟ್ರ ಎದುರು ತಲೆಯ ಮೇಲೆ ಟೋಪಿ ಇಟ್ಟುಕೊಂಡು ನಿಲ್ಲುವಂತಿರಲಿಲ್ಲ. ಚಳಿಗಾಲದ ಭಾನುವಾರ ಪೂಜೆ ಮುಗಿದ ಮೇಲೆ ಊರಂಚಿನ ಕಣದಲ್ಲಿ ಅವರ ಪಾಠ. ಒಂದೊಂದು ವರಸೆಗೂ ಒಂದೊಂದು ಹಾಡು, ಹಾಡಿನ ಮಾತು ಎಲ್ಲಿ ಬೀಳುತ್ತದೋ ಅಲ್ಲಿ ಕೋಲಿನ ಪೆಟ್ಟು ಬೀಳಬೇಕು. ಮೇಷ್ಟ್ರಿಗೆ ಉಬ್ಬಸ. ಹಾಡಲು ಉಸಿರು ಸಾಲದೆ ಮಗಳನ್ನು ಕಣದ ಕಲ್ಲುಗೋಡೆಯ ಮೇಲೆ ಕೂರಿಸಿ ಹಾಡಿಸುತ್ತಿದ್ದರು. ಅವಳು ಹಾಡಬಹುದಿತ್ತು, ಗೋಡೆ ಇಳಿಯುವ ಹಾಗಿರಲಿಲ್ಲ.

ಗೋಡೆಯ ಮೇಲೆ ಕೂತು ನೋಡುವವಳಿಗೆ ಎಡ ಬಲ ಅಂದರೆ ತಲೆನೋವು. ಎಂಟು ಜನ ಎಂಟು ದಿಕ್ಕಿಗೆ ತಿರುಗುವಾಗ ಯಾರ ಎಡ, ಯಾರ ಬಲ? ಅವಳು ತನ್ನದೇ ಒಂದು ದಾರಿ ಹಿಡಿದಳು. ಕಣದ ಒಂದು ಕಡೆ ನೆಲ ಕುಸಿದು ದೋರು ಹೊಳೆಯ ಕಮರಿಗೆ ಇಳಿಯುತ್ತದೆ, ಆಚೆ ದಡದಲ್ಲಿ ಸ್ಪೇನಿನ ಬಂಡೆಗಳು. ಅದಕ್ಕೆ ಎದುರು, ಏರಿನ ಕಡೆ, ಹಳ್ಳದ ಗಿರಣಿ. ಉಳಿದ ಎರಡರಲ್ಲಿ ಒಂದು ಕಡೆ ಇಗರ್ಜಿಯ ಗೋಪುರ, ಇನ್ನೊಂದು ಕಡೆ ಊರವರೆಲ್ಲ ರೊಟ್ಟಿ ಸುಡುವ ಒಲೆಮನೆ. ಯಾರು ಯಾವ ಮಾತಿಗೆ ಯಾವುದರ ಕಡೆ ಮುಖ ಮಾಡಿದರು, ಯಾವುದಕ್ಕೆ ಬೆನ್ನು ಹಾಕಿದರು ಎಂದು ನೆನಪಿಟ್ಟುಕೊಂಡಳು. ಇಡೀ ಕೋಲಾಟ ಅವಳ ತಲೆಯೊಳಗೆ ನಮ್ಮೂರಿನ ನೆಲದ ಮೇಲೇ ಕೂತುಬಿಟ್ಟಿತು.

ವಾರದ ದಿನಗಳಲ್ಲಿ ಅವಳು ಕುರಿ ಕಾಯುತ್ತಿದ್ದಳು. ಗೋಮಾಳದ ಬಯಲಲ್ಲಿ ಕುರಿಕೋಲು ಹಿಡಿದು, ಯಾರೂ ಇಲ್ಲದಾಗ, ಆ ವರಸೆಗಳನ್ನು ನಡೆಯುತ್ತಿದ್ದಳು. ಕುಣಿಯುತ್ತಿರಲಿಲ್ಲ, ನಡೆಯುತ್ತಿದ್ದಳು. ಕಣದಲ್ಲಿ ಎರಡು ಹೆಜ್ಜೆಯ ದಾಟು ಬಯಲಲ್ಲಿ ಈ ಬಂಡೆಯಿಂದ ಆ ಓಕ್ ಮರದವರೆಗೆ. ಒಂದು ದಿನ ಮೂಲೆಯವನ ಪಾಲು, ಇನ್ನೊಂದು ದಿನ ನಡುವಿನವನ ಪಾಲು, ಹೀಗೆ ಎಂಟೂ ಜನರದ್ದು. ಕುರಿಗಳು ಅವಳ ಹಿಂದೆಯೇ. ನಾನು ಆಗ ಚಿಕ್ಕವ, ಅಪ್ಪನ ಜೊತೆ ಸೌದೆಗೆ ಹೋದಾಗ ನೋಡಿದ್ದೇನೆ. ಅಷ್ಟು ದೊಡ್ಡ ಹಿಂಡು ಒಮ್ಮೆಲೇ ಸ್ಪೇನಿನ ಕಡೆ ನಡೆದು, ನಿಂತು, ತಿರುಗಿ, ಇಗರ್ಜಿಯ ಕಡೆ ಹೊರಡುತ್ತಿತ್ತು. "ಅಬೀಲಿಯುವಿನ ಕುರಿಗಳಿಗೆ ತಲೆ ಕೆಟ್ಟಿದೆ" ಎಂದು ಅಪ್ಪ ಅಂದರು. ನನಗಂತೂ ಅದು ಬಲು ಚಂದ ಕಂಡಿತು. ಈಗಲೂ ಆ ಬಯಲ ಕಡೆ ಹೋದರೆ ಹಿಂಡು ಇರಬಹುದೇನೋ ಅಂತ ಕಣ್ಣು ಹುಡುಕುತ್ತದೆ. ಅಲ್ಲೀಗ ಮುಳ್ಳುಪೊದೆ ಬಿಟ್ಟರೆ ಏನಿಲ್ಲ.

ಆಮೇಲೆ ಊರು ಖಾಲಿಯಾಯಿತು. ಅರ್ಧ ಹುಡುಗರು ಕಳ್ಳದಾರಿಯಲ್ಲಿ ಹೊಳೆ ದಾಟಿ ಫ್ರಾನ್ಸಿಗೆ, ಇನ್ನರ್ಧ ನಮ್ಮ ಸರ್ಕಾರ ಆಫ್ರಿಕಾದ ವಸಾಹತುಗಳಲ್ಲಿ ನಡೆಸುತ್ತಿದ್ದ ಯುದ್ಧಕ್ಕೆ. ನಾನು ಪ್ಯಾರಿಸಿನ ಹೊರವಲಯದಲ್ಲಿ ಸಿಮೆಂಟು ಕಲಸಿದೆ. ಮೇಷ್ಟ್ರು ಕುಣಿಯುವವರಿಲ್ಲದ ಊರಲ್ಲಿ ಕೆಲವು ವರ್ಷ ಕಾದು, ತೀರಿಕೊಂಡರು. ಜುಲ್ಮಿರಕ್ಕನಿಗೆ ಮದುವೆಯಾಗಲಿಲ್ಲ, ಆಗಲು ಊರಲ್ಲಿ ಗಂಡೇ ಉಳಿದಿರಲಿಲ್ಲ. ಅಪ್ಪನ ಕುರಿ, ಅಪ್ಪನ ಕರಿ ನಾಯಿ, ಕೋಲುಗಳ ಕಟ್ಟು, ಇಷ್ಟು ಇಟ್ಟುಕೊಂಡು ಇದ್ದಳು.

ರಾಜಧಾನಿ ಲಿಸ್ಬನ್ನಿನಲ್ಲಿ ಸರ್ವಾಧಿಕಾರ ಬಿದ್ದು ಎರಡು ವರ್ಷಕ್ಕೆ ನಾವು ಕೆಲವರು ವಾಪಸು ಬಂದೆವು. ಊರಹಬ್ಬದ ಯಜಮಾನಿಕೆ ಆಗ ಅಮಾದೆವುವಿನದು. ಕಾಫಿ ಅಂಗಡಿ ಇಟ್ಟಿದ್ದ, ಮೈಕು ಇಟ್ಟಿದ್ದ, ಧ್ವನಿಯೂ ಮೈಕಿಗೆ ತಕ್ಕ ಹಾಗೆ ಇತ್ತು. ಕೋಲಾಟ ಮತ್ತೆ ಎತ್ತಬೇಕು ಎಂದು ಅವನ ಅಂಗಡಿಯಲ್ಲೇ ಮಾತಾಯಿತು. ಕಂಕುಳ ತೊಗಲುಚೀಲಕ್ಕೆ ಗಾಳಿ ತುಂಬಿ ಚೀಲದ ಕೊಳಲು ಊದುವ ಬಜಿಲಿಯು ತಾತನಿಗೆ ರಾಗಗಳೆಲ್ಲ ಬಾಯಿಗೆ ಬರುತ್ತಿದ್ದವು. ಹೆಜ್ಜೆ ಕೇಳಿದರೆ ಕಷ್ಟ. ಹಳಬರಲ್ಲಿ ಒಬ್ಬೊಬ್ಬನಿಗೂ ಅವನವನ ಜಾಗದ ಹೆಜ್ಜೆ ಮಾತ್ರ ಗೊತ್ತು, ಪಕ್ಕದವನು ಏನು ಮಾಡುತ್ತಿದ್ದ ಅಂದರೆ ತಲೆ ಕೆರೆಯುತ್ತಾರೆ. ಮೂರು ಜಾಗದವರಂತೂ ಮಣ್ಣಲ್ಲಿದ್ದರು.

"ಎಂಟೂ ಜಾಗ ಗೊತ್ತಿರೋರು ಊರಲ್ಲಿ ಒಬ್ಬರೇ," ಎಂದರು ಬಜಿಲಿಯು ತಾತ. "ಆದ್ರೆ ಅವಳು ಲಂಗ ಹಾಕ್ತಾಳೆ."

"ನಾವೂ ಹಾಕ್ತೀವಲ್ಲ," ಅಂದ ಅದೇರಿತು. ಇವನು ಆಗ ಇಪ್ಪತ್ತು ದಾಟಿದ ಹುಡುಗ, ಕಲ್ಲು ಕಟ್ಟುವ ಕೆಲಸ, ಆಮೇಲೆ ತಂಡಕ್ಕೆ ಮೊದಲ ಮೂಲೆಯವನಾದ.

"ಲಂಗಕ್ಕೆ ಇಸ್ತ್ರಿ ಹಾಕೋಳು ಮೇಷ್ಟ್ರಾಗ್ತಾಳೇನೋ?" ಎಂದ ಅಮಾದೆವು.

"ಲಂಗ ಕಟ್ಕೊಂಡೋನು ಗಂಡಸು ಅನ್ನಿಸ್ಕೋಬಹುದಾದ್ರೆ, ಇದೂ ಆಗಬಹುದು," ಎಂದರು ತಾತ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅಮಾದೆವು ಗಾಜಿನ ಲೋಟ ಒರೆಸತೊಡಗಿದ.

ಹಾಗೆ ಜುಲ್ಮಿರಕ್ಕ ನಲವತ್ತು ದಾಟಿದ ಮೇಲೆ ಆ ಗೋಡೆ ಇಳಿದು ಕಣದ ನಡುವೆ ನಿಂತಳು. ಕಲಿಸಲಿ, ಆದರೆ ಅವಳನ್ನು ಮೇಷ್ಟ್ರು ಅನ್ನುವುದು ಬೇಡ ಎಂದು ಅಮಾದೆವು ಮೊದಲೇ ಕರಾರು ಮಾಡಿಕೊಂಡಿದ್ದ. ಅವಳಿಗೆ ಆ ಹೆಸರು ಬೇಕಿತ್ತು. ಬಾಯಿ ಬಿಟ್ಟು ಹೇಳಿದ್ದು ನನ್ನೊಬ್ಬನ ಹತ್ತಿರ, ಅದೂ ಒಮ್ಮೆ ಮಾತ್ರ. "ಅಪ್ಪನ ಜೊತೆ ಆ ಹೆಸರೂ ಗುಂಡಿಗೆ ಹೋಯ್ತಲ್ಲ ದೆಲ್ಫಿಂ. ಊರಲ್ಲಿ ಒಬ್ಬರಾದ್ರೂ ಹಾಗೆ ಕರೆಸ್ಕೋಬೇಕು. ನನಗೆ ಗೊತ್ತಿರೋದನ್ನ ನಾನು ಕಲಿಸ್ತಿದ್ದೀನಿ, ನನ್ನನ್ನ ಏನಂತ ಕರೀತಾರೆ? ಅಕ್ಕ ಅಂತಾರೆ. ಸೊಪ್ಪು ಮಾರೋಳನ್ನೂ ಅಕ್ಕ ಅಂತಾರೆ."

ಆದರೆ ಕಲಿಸಿದಳು, ಏನು ಕಲಿಸಿದಳು. "ಸ್ಪೇನಿಗೆ ಹೊಡಿ. ಇಗರ್ಜಿಗೆ ತಿರುಗು. ಎರಡು ಹೆಜ್ಜೆ ಒಲೆಗೆ. ಗಿರಣಿಗೆ ಬೆನ್ನು ಹಾಕೋ, ನಿನ್ನ ಬೆನ್ನು ಎಲ್ಲಿದೆ ಅಂತ ಗೊತ್ತಿಲ್ವಾ?" ಹುಟ್ಟಿದಾಗಿನಿಂದ ಆ ನೆಲದಲ್ಲಿ ಹೊರಳಾಡಿದ ಹುಡುಗರಿಗೆ ಇದಕ್ಕಿಂತ ಸುಲಭದ ಪಾಠ ಯಾವುದಿತ್ತು? ಹೊಳೆ ಎಲ್ಲಿ ಎಂದು ಯೋಚಿಸಬೇಕೇ? ಒಂದೇ ಚಳಿಗಾಲದಲ್ಲಿ ಎಂಟು ಜನ ಪಳಗಿದರು. ಆಗಸ್ಟಿನ ಹಬ್ಬಕ್ಕೆ ನಮ್ಮ ಚೌಕದಲ್ಲಿ ಕೋಲುಗಳು ಬಿದ್ದ ಸದ್ದಿಗೆ ಹಣ್ಣು ಹಣ್ಣು ಮುದುಕರು ಅತ್ತರು. ನಾನೂ ಅತ್ತೆ. ಡೋಲಿನ ಮೇಲೆ ಕಣ್ಣೀರು ಬಿದ್ದರೆ ಚರ್ಮ ಸಡಿಲವಾಗುತ್ತದೆ ಎಂದು ತಾತ ಗದರಿದರು.

ಸುದ್ದಿ ಹಬ್ಬಿ ಪೇಟೆಯವರು ಕರೆದರು. ಮುಂದಿನ ತಿಂಗಳು ಅವರ ಸಂತೆಹಬ್ಬ. ಲಾರಿಯ ಹಿಂದೆ ಹುಲ್ಲು ಹಾಸಿ, ಲಂಗಗಳು ಮುದುಡದ ಹಾಗೆ ನಿಂತುಕೊಂಡೇ ಹೋದೆವು. ಜುಲ್ಮಿರಕ್ಕ ಬರಲಿಲ್ಲ. ಹೆಂಗಸರನ್ನು ಯಾರೂ ಕರೆಯಲೂ ಇಲ್ಲ.

ಪೇಟೆಯ ಚೌಕ ಅಂದರೆ ನಾಲ್ಕೂ ಕಡೆ ಮೂರು ಅಂತಸ್ತಿನ ಮನೆಗಳು. ಮೇಲೆ ಮೋಡ ಕವಿದ ಆಕಾಶ, ಸೂರ್ಯನ ಸುಳಿವಿಲ್ಲ. ತಾತ ಊದಿದರು, ನಾನು ಬಾರಿಸಿದೆ, ಎಂಟು ಜನ ಕೋಲೆತ್ತಿದರು. ಮೊದಲ ಪೆಟ್ಟು ಸರಿಯಾಗಿಯೇ ಬಿತ್ತು. ಆಮೇಲೆ ಸ್ಪೇನಿಗೆ ತಿರುಗಬೇಕು. ಅಲ್ಲಿ ಸ್ಪೇನು ಎಲ್ಲಿದೆ? ಅದೇರಿತುವಿಗೆ ಅದು ಬ್ಯಾಂಕಿನ ಕಡೆ ಕಂಡಿತು. ಅವನ ಎದುರಿನವನಿಗೆ ಔಷಧಿ ಅಂಗಡಿಯ ಕಡೆ. ನಡುವಿನ ಇಬ್ಬರು ಲಾರಿ ಬಂದ ದಾರಿಯ ಲೆಕ್ಕ ಹಾಕಿ ಮೂರನೆಯದೊಂದು ಕಡೆ ತಿರುಗಿದರು. ಒಬ್ಬನ ಬೆರಳಿಗೆ ಬಿತ್ತು, ಇನ್ನೊಬ್ಬನ ಟೋಪಿ ಹಾರಿ ಕಡಲೆ ಮಾರುವವಳ ಬುಟ್ಟಿಗೆ ಹೋಯಿತು. ಬೆನ್ನಿಗೆ ಬೆನ್ನು ತಾಗಿಸಿಕೊಂಡು ಇಬ್ಬರು "ಹೊಳೆ ಎಲ್ಲೋ? ಲೋ, ಹೊಳೆ ಎಲ್ಲೋ?" ಎಂದು ಕೂಗಾಡುತ್ತಿದ್ದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬಳು ಮುದುಕಿ ಪಾಪ, ಇವರಿಗೆ ಬಾಯಾರಿಕೆ ಇರಬೇಕು ಎಂದು ನೀರಿನ ತಂಬಿಗೆ ತಂದಳು.

ಬರುವಾಗ ಲಾರಿಯಲ್ಲಿ ಯಾರೂ ನಿಲ್ಲಲಿಲ್ಲ. ಲಂಗಗಳನ್ನು ಹುಲ್ಲಿನ ಮೇಲೆ ಮುದ್ದೆ ಮಾಡಿಕೊಂಡು ಕೂತೆವು. ಊರಿಗೆ ಬಂದಾಗ ಜುಲ್ಮಿರಕ್ಕ ಒಲೆಮನೆಯ ಮುಂದೆ ಕಾಯುತ್ತಿದ್ದಳು. ಮುಖ ನೋಡಿಯೇ ಅವಳಿಗೆ ಗೊತ್ತಾಯಿತು. ಅದೇರಿತು ಹೇಳಿದ್ದನ್ನೆಲ್ಲ ಕೇಳಿ, "ತಪ್ಪು ನಿಮ್ಮದಲ್ಲ. ನಾನು ನಿಮಗೆ ನಮ್ಮೂರನ್ನ ಕಲಿಸಿದೆ, ಕೋಲಾಟ ಕಲಿಸಲಿಲ್ಲ" ಅಂದಳು.

ಅಮಾದೆವುವಿಗೆ ಇಷ್ಟು ಸಾಕಾಯಿತು. ಪಕ್ಕದೂರಲ್ಲಿ ಎಡ ಬಲ ಹೇಳಿ ಕಲಿಸುವ ಗಂಡು ಮೇಷ್ಟ್ರು ಇದ್ದಾರೆ, ಅವರನ್ನು ಕರೆಸೋಣ ಎಂದ. "ಹೆಂಗಸು ಕಣದ ಗೋಡೆ ಮೇಲಿಂದ ನೋಡಿ ಕಲ್ತಿದ್ದು ಆ ಕಣದಲ್ಲೇ ನಡೆಯೋದು," ಎಂದೂ ಅಂದ. ಎದುರಾಡುವ ಮುಖ ನಮಗಿರಲಿಲ್ಲ. ಬಜಿಲಿಯು ತಾತ ಮಾತ್ರ ಕದಲಲಿಲ್ಲ. ಚೆಸ್ಟ್‌ನಟ್ ಕಾಯಿ ಉದುರುವ, ಚಳಿ ಶುರುವಾಗುವ ಕಾಲಕ್ಕೆ ಇನ್ನೊಂದು ಊರಿನ ಕರೆ ಇತ್ತು. ಅದೊಂದು ಜುಲ್ಮಿರಾ ಕೈಲಿರಲಿ, ಅದೂ ಕೆಟ್ಟರೆ ನಿನ್ನ ಮೇಷ್ಟ್ರನ್ನ ಕರೆಸ್ಕೋ, ನನ್ನ ಕೊಳಲು ಮಾತ್ರ ಕೇಳಬೇಡ ಎಂದರು.

ಅವಳು ಎಡ ಬಲ ಕಲಿಸಲು ಕೂತಳು. ಕೂತಳು ಅಂದರೆ ಹೆಣಗಿದಳು. ಅವಳ ಮೈಗೆ ಎಡ ಬಲ ಇರಲೇ ಇಲ್ಲ, ಇದ್ದದ್ದು ರೊಟ್ಟಿ ತಟ್ಟುವ ಕೈ ಮತ್ತು ನೂಲು ಹಿಡಿಯುವ ಕೈ. "ರೊಟ್ಟಿ ಕಡೆ ತಿರುಗು" ಅಂದರೆ ಎಡಚನಾದ ಅದೇರಿತು ಆಚೆ ತಿರುಗುತ್ತಿದ್ದ. ಮಣಿಕಟ್ಟಿಗೆ ಬಣ್ಣದ ನೂಲು ಕಟ್ಟಿ ನೋಡಿದಳು. ಹುಡುಗರು ನೂಲು ನೋಡುತ್ತ ಎದುರಿನವನ ಕೋಲು ಮರೆತು ಮೂಗು ಒಡೆಸಿಕೊಂಡರು. ವರಸೆಯಲ್ಲಿದ್ದ ಜೀವವೇ ಹೋಯಿತು, ಎಂಟು ಜನ ಪೆರೇಡು ಮಾಡುವ ಪೊಲೀಸರಾದರು. ಒಂದು ಸಂಜೆ ಎಲ್ಲರೂ ಹೋದ ಮೇಲೆ ಕೋಲುಗಳನ್ನು ಕಟ್ಟುತ್ತ ನನ್ನನ್ನು ಕೇಳಿದಳು.

"ಆ ಪೇಟೆ ಚೌಕದಲ್ಲಿ ನಿನಗೆ ಹೊಳೆ ಯಾವ ಕಡೆ ಅನ್ನಿಸ್ತು?"

"ನನಗ್ಯಾಕಕ್ಕ ಹೊಳೆ? ನಾನು ಡೋಲಿನೋನು, ನಿಂತ ಕಡೆ ನಿಂತಿರ್ತೀನಿ. ಅವರೇ ನನ್ನ ನೋಡ್ಕೊಂಡು ಎಲ್ಲಿದೀವಿ ಅಂತ ತಿಳ್ಕೋಬಹುದಿತ್ತು."

ನಾನು ತಮಾಷೆಗೆ ಅಂದದ್ದು. ಅವಳು ಕೋಲು ಕಟ್ಟುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತ ನಿಂತಳು. ಆಮೇಲೆ ಕೋಲುಗಳನ್ನು ನನ್ನ ಕೈಗೆ ಹಾಕಿ ನೆಟ್ಟಗೆ ನಮ್ಮ ಮನೆಗೆ ನಡೆದಳು, ನನ್ನ ಅಮ್ಮನ ಹತ್ತಿರ.

ಅಮ್ಮನ ಹೆಸರು ಎರ್ಮೆಲಿಂದಾ. ಸಂತೆಗೆ ಬಿಟ್ಟರೆ ಊರು ದಾಟಿದವಳಲ್ಲ. ಇಬ್ಬರೂ ಅಡಿಗೆಮನೆಯಲ್ಲಿ ಏನು ಗುಸುಗುಸು ಮಾಡಿದರೋ. ಹೊರಡುವ ಭಾನುವಾರ ಬೆಳಿಗ್ಗೆ ನೋಡಿದರೆ ನಾಲ್ಕು ಹೆಂಗಸರು ಕರಿ ಬಟ್ಟೆ, ಕರಿ ಶಾಲು ಹೊದ್ದು ಲಾರಿಯ ಹತ್ತಿರ ನಿಂತಿದ್ದಾರೆ. ಜುಲ್ಮಿರಕ್ಕ, ನನ್ನಮ್ಮ, ಒಲೆಮನೆ ನೋಡಿಕೊಳ್ಳುವ ಪೆರ್ಪೆತುವಾ, ಗಿರಣಿಯವನ ವಿಧವೆ ದೊಂಜೀಲಿಯಾ. ಅಮ್ಮನ ಕೈಯಲ್ಲಿ ರೊಟ್ಟಿ, ಸಾಸೇಜು ಕಟ್ಟಿದ ಗಂಟು.

ಅಪ್ಪ ಅಂಗಳದಿಂದಲೇ ಕೂಗಿದರು. "ಎಂಟು ಗಂಡಸರ ಲಂಗ ನೋಡೋಕೆ ಲಾರಿ ಹತ್ಬೇಕೇನೇ? ಮಧ್ಯಾಹ್ನಕ್ಕೆ ಬೇಯಿಸೋರು ಯಾರು?"

"ನಾನು ನಿಮ್ಮ ಹೆಂಡ್ತಿಯಾಗಿ ಹೋಗ್ತಿಲ್ಲ," ಎಂದಳು ಅಮ್ಮ ಲಾರಿಗೆ ಕಾಲಿಡುತ್ತ. "ಇಗರ್ಜಿಯಾಗಿ ಹೋಗ್ತಿದ್ದೀನಿ. ಭಾನುವಾರದ ಹೊತ್ತಲ್ಲಿ ಇಗರ್ಜಿಗೆ ಎದುರು ಮಾತಾಡಬಾರದು."

ಆ ಊರಿನ ಚೌಕಕ್ಕೆ ಇಳಿದ ಕೂಡಲೇ ಜುಲ್ಮಿರಕ್ಕ ನಾಲ್ವರನ್ನೂ ನಾಲ್ಕು ಕಡೆ ನಿಲ್ಲಿಸಿದಳು. ಅಮ್ಮ ಇಗರ್ಜಿ, ಪೆರ್ಪೆತುವಾ ಒಲೆ, ದೊಂಜೀಲಿಯಾ ಗಿರಣಿ. ತಾನು ಹೊಳೆ, ಆಚೆ ದಡದ ಸ್ಪೇನೂ ತಾನೇ. ಕೈ ಕಟ್ಟಿಕೊಂಡು, ಶಾಲಿನ ಮುಸುಕು ಎಳೆದು, ನಾಲ್ವರೂ ಕಲ್ಲಾದರು. ಎಂಟು ಜನ ಅವರನ್ನು ನೋಡಿದರು, ತಾತ ಊದಿದರು. ಅಷ್ಟೇ. ಬ್ಯಾಂಕೂ ಇಲ್ಲ, ಔಷಧಿ ಅಂಗಡಿಯೂ ಇಲ್ಲ, ನಮ್ಮೂರೇ ಅಲ್ಲಿ ಬಂದು ಕೂತಿತ್ತು. ಅಷ್ಟು ಚೆನ್ನಾಗಿ ಅವರು ನಮ್ಮೂರಲ್ಲೂ ಕುಣಿದಿರಲಿಲ್ಲ. ಮುಗಿದ ಮೇಲೆ ಪತ್ರಿಕೆಯವನೊಬ್ಬ ಪೆರ್ಪೆತುವಾಳ ಹತ್ತಿರ ಹೋಗಿ, ಅಮ್ಮಾ, ಈ ಕುಣಿತದಲ್ಲಿ ನೀವು ಯಾರು ಎಂದು ಕೇಳಿದ.

"ನಾನು ಒಲೆ," ಎಂದಳು ಪೆರ್ಪೆತುವಾ.

ಅವನು ಅದನ್ನು ಬರೆದುಕೊಂಡ. ಮುಂದಿನ ವಾರದ ಪತ್ರಿಕೆಯಲ್ಲಿ ಇದು ಸಾವಿರ ವರ್ಷದ ಸಂಪ್ರದಾಯ, ನಾಲ್ಕು ಋತುಗಳ ಸಂಕೇತ ಎಂದೆಲ್ಲ ಬಂತಂತೆ. ಅಮ್ಮನಿಗೆ ಬೇಜಾರಾಯಿತು, ತಾನು ಯಾವ ಋತು ಎಂದು ಬರೆದಿರಲಿಲ್ಲ.

ಪಕ್ಕದೂರಿನ ಮೇಷ್ಟ್ರ ಮಾತು ಅಲ್ಲಿಗೆ ನಿಂತಿತು. ಆಮೇಲಿನ ವರ್ಷಗಳು ನಮ್ಮ ಒಳ್ಳೆಯ ವರ್ಷಗಳು. ಎಲ್ಲಿ ಕರೆದರೂ ಎಂಟು ಗಂಡಸರು, ಕೊಳಲು, ಡೋಲು, ನಾಲ್ಕು ಹೆಂಗಸರು. ಲಾರಿ ಹೋಗಿ ವ್ಯಾನು ಬಂತು. ಊರು ದಾಟದ ಆ ನಾಲ್ವರು ಬೆಟ್ಟ ಕಂಡರು, ರೈಲು ಕಂಡರು, ಲಿಫ್ಟಿನಲ್ಲಿ ಸಿಕ್ಕಿಕೊಂಡು ಜಪಮಾಲೆ ಹೇಳಿದರು. ಲಿಸ್ಬನ್ನಿನಲ್ಲಿ ಕಡಲು ತೋರಿಸಿದಾಗ ಜುಲ್ಮಿರಕ್ಕ ಬಹಳ ಹೊತ್ತು ನೋಡಿ, ಆಚೆ ದಡ ಕಾಣದ ನೀರಲ್ಲಿ ನನಗೆ ನಂಬಿಕೆ ಇಲ್ಲಪ್ಪ ಎಂದು ವಾಪಸು ವ್ಯಾನಿನಲ್ಲಿ ಕೂತಳು. ಒಂದು ಸಲ ಹೊಳೆಯ ಆಚೆಗೇ, ಸ್ಪೇನಿನ ಒಂದೂರಿಗೆ, ಹೋಗಿದ್ದೆವು. ಚೌಕದ ಮಧ್ಯೆ ನಿಂತು ಅವಳು ದಿಕ್ಕು ತೋಚದೆ ತಿರುಗಿದಳು.

"ಎರ್ಮೆಲಿಂದಾ, ಸ್ಪೇನಿನೊಳಗೇ ನಿಂತ್ಕೊಂಡು ನಾನು ಸ್ಪೇನು ಆಗೋದು ಹೆಂಗೇ?"

"ಸುಮ್ನೆ ನಿಂತ್ಕೊಳ್ಳೇ," ಎಂದಳು ಅಮ್ಮ. "ಅವರೇನು ಬಂದು ಕೇಳ್ತಾರಾ?"

ವ್ಯಾನಿನ ಹಿಂದಿನ ಸೀಟಿನಲ್ಲಿ ಆ ನಾಲ್ವರು ಹೊಡೆಯುತ್ತಿದ್ದ ಹರಟೆ, ಹಂಚಿಕೊಳ್ಳುತ್ತಿದ್ದ ಒಣ ಅಂಜೂರ, ಯಾವ ಊರಿನ ಹೆಂಗಸರು ಲಂಗಕ್ಕೆ ಎಷ್ಟು ಗಂಜಿ ಹಾಕಿದ್ದಾರೆ ಎಂಬ ತಕರಾರು, ಇದೆಲ್ಲ ಈಗ ನನಗೆ ಕೋಲಿನ ಸದ್ದಿಗಿಂತ ಹೆಚ್ಚು ನೆನಪಾಗುತ್ತದೆ. ಅಮ್ಮ ನಗುವುದನ್ನು ನಾನು ಮನೆಯಲ್ಲಿ ಅಷ್ಟು ಕೇಳಿರಲಿಲ್ಲ.

ಆದರೂ ಪ್ರತಿ ಊರಲ್ಲೂ ಮೈಕು ಹಿಡಿಯುತ್ತಿದ್ದವನು ಅಮಾದೆವು. "ಮೇಷ್ಟ್ರು ಅಬೀಲಿಯು ಅವರ ಪರಂಪರೆ, ನನ್ನ ನಿರ್ದೇಶನ" ಎಂದು ಅವನ ದೊಡ್ಡ ಧ್ವನಿಯಲ್ಲಿ ಹೇಳುತ್ತಿದ್ದ. ನಡುವೆ ಯಾರ ಹೆಸರೂ ಇಲ್ಲ. ಒಮ್ಮೆ ನಾನು ತಡೆಯಲಾರದೆ, ಅಕ್ಕ, ಅವನ ಕೈಯಿಂದ ಮೈಕು ಕಿತ್ಕೊಳ್ಳಲಾ ಎಂದೆ. "ಬಿಡು, ಹೊಳೆಗೆ ಯಾರು ಸನ್ಮಾನ ಮಾಡ್ತಾರೆ" ಎಂದು ನಕ್ಕಳು. ನಕ್ಕದ್ದು ಬಾಯಿ ಮಾತ್ರ. ಅವನು ಆ ಮಾತು ಹೇಳುವಾಗಲೆಲ್ಲ ಅವಳು ಶಾಲಿನ ಮುಸುಕನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಳ್ಳುವುದು ಡೋಲಿನವನಿಗೆ ಕಾಣುತ್ತಿತ್ತು. ತಂಡದ ಹುಡುಗರು ಅವಳಿಗಾಗಿ ಪ್ರಾಣ ಕೊಡುತ್ತಿದ್ದರು, ಆ ಒಂದು ಹೆಸರು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ರೂಢಿ ಇಲ್ಲದ ಮಾತು ನಾಲಗೆಗೆ ಹತ್ತುವುದೇ ಇಲ್ಲ.

ಕಾಲ ಕಳೆಯಿತು. ಬಜಿಲಿಯು ತಾತ ಹೋದರು, ಅವರ ಮೊಮ್ಮಗ ಕೊಳಲು ಹಿಡಿದ. ದೊಂಜೀಲಿಯಾ ಹೋದಳು. ನನ್ನಮ್ಮ ಒಂದು ಲೆಂಟ್ ಉಪವಾಸದ ದಿನಗಳಲ್ಲಿ ಹೋದಳು. ಬೇರೆ ಹೆಂಗಸರು ಅವರ ಜಾಗದಲ್ಲಿ ನಿಂತರು. ಹೊಳೆ ಮಾತ್ರ ಜುಲ್ಮಿರಕ್ಕನದೇ. ಒಂದು ಜೂನಿನಲ್ಲಿ ಅವಳು ಕುರಿದೊಡ್ಡಿಯ ಹೊಸ್ತಿಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಆಸ್ಪತ್ರೆಯಿಂದ ತಂದು ಗಿರಣಿ ಕಡೆಯ ಏರಿನಲ್ಲಿರುವ ದೂರದ ಸಂಬಂಧಿಯೊಬ್ಬಳ ಮನೆಯಲ್ಲಿ ಮಲಗಿಸಿದರು. ಇನ್ನು ಏಳುವುದಿಲ್ಲ ಎಂದು ಊರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಆಗಸ್ಟು ಬಂತು. ನಮ್ಮೂರ ಹಬ್ಬಕ್ಕೆ ನಾಲ್ಕು ಕಡೆ ನಿಲ್ಲುವ ಹೆಂಗಸರು ಯಾವತ್ತೂ ಬೇಕಾಗಿರಲಿಲ್ಲ. ನಿಜವಾದ ಹೊಳೆ ಅಲ್ಲೇ ಇದೆ, ನಿಜವಾದ ಇಗರ್ಜಿಯೂ ಇದೆ. ಪೂಜೆ ಮುಗಿದು, ಉರಿಬಿಸಿಲಿನಲ್ಲಿ ಜನ ಸುತ್ತುವರಿದರು. ಅಮಾದೆವು ಮೈಕಿನಲ್ಲಿ ತನ್ನ ಮಾತು ಮುಗಿಸಿದ. ಕೊಳಲಿನವನು ಉಸಿರು ತುಂಬಿಕೊಂಡ, ನಾನು ಡೋಲಿನ ಕೋಲೆತ್ತಿದೆ. ಆಗ ಅದೇರಿತು ತನ್ನ ಜಾಗ ಬಿಟ್ಟು ನಡೆದ. ಅವನಿಗೂ ಆಗ ತಲೆಯಲ್ಲಿ ಬಿಳಿ ಕೂದಲು. ಎದುರಿನ ಮೂಲೆಗೆ ಹೋಗಿ ಏರಿನ ಕಡೆ ಮುಖ ಮಾಡಿ ನಿಂತ. ಉಳಿದ ಏಳು ಜನ ಅವನನ್ನು ನೋಡಿದರು, ಏರಿನ ಕಡೆ ನೋಡಿದರು, ಒಬ್ಬೊಬ್ಬರಾಗಿ ಜಾಗ ಬದಲಿಸಿದರು. ಇಡೀ ತಂಡ ಹೊಳೆಗೆ ಬೆನ್ನು ಹಾಕಿ ನಿಂತಿತು.

"ಏ ಕತ್ತೆಗಳಾ, ಹೊಳೆ ಆ ಕಡೆ ಇರೋದು," ಎಂದ ಅಮಾದೆವು. ಮೈಕು ಕೈಯಲ್ಲೇ ಇದ್ದದ್ದರಿಂದ ಇಡೀ ಊರಿಗೆ ಕೇಳಿಸಿತು.

"ಹೊಳೆ ಈ ಸಲ ಗಿರಣಿ ಕಡೆ ಮಲಗಿದೆ ಅಮಾದೆವು ಮಾವ," ಎಂದ ಅದೇರಿತು. ಅವನಿಗೆ ಮೈಕು ಬೇಕಾಗಲಿಲ್ಲ. "ದೆಲ್ಫಿಂ ಮಾವ, ನೀವು ಬಾರಿಸಿ."

ನಾನು ಬಾರಿಸಿದೆ. ಜನ್ಮದಲ್ಲಿ ಅಷ್ಟು ಜೋರಾಗಿ ಬಾರಿಸಿಲ್ಲ. ಏರಿನ ಮೇಲಿನ ಆ ಮನೆಗೆ ಕೇಳಬೇಕಿತ್ತು. ಎಂಟು ಜನ ಸ್ಪೇನಿಗೆ ಎಂದಲ್ಲೆಲ್ಲ ಅವಳ ಕಡೆ ತಿರುಗಿದರು, ಸ್ಪೇನಿಗೆ ಹೊಡೆಯಬೇಕಾದ ಪೆಟ್ಟನ್ನೆಲ್ಲ ಅವಳ ಕಡೆ ಹೊಡೆದರು. ಇಗರ್ಜಿ ಇದ್ದ ಕಡೆ ಒಲೆಯಾಯಿತು, ಒಲೆ ಇದ್ದ ಕಡೆ ಇಗರ್ಜಿಯಾಯಿತು. ಹುಟ್ಟೂರಿನಲ್ಲಿ, ಎಲ್ಲ ಕಣ್ಣೆದುರೇ ಇರುವಾಗ, ಎಲ್ಲವನ್ನೂ ಹಿಂದುಮುಂದು ಮಾಡಿಕೊಂಡು ಕುಣಿಯುವುದು ಎಷ್ಟು ಕಷ್ಟ ಎಂದು ಅವರ ಬೆವರು ನೋಡಿದರೆ ಗೊತ್ತಾಗುತ್ತಿತ್ತು. ಅಮಾದೆವು ಮೈಕು ಆರಿಸಿ ಅಂಗಡಿಯೊಳಗೆ ಹೋದ. ಅವನು ಕ್ಷಮೆ ಕೇಳಿದ ಎಂದು ಬರೆಯಲು ನನಗೂ ಆಸೆ, ಕೇಳಲಿಲ್ಲ.

ಹಬ್ಬದ ದಿನ ತಂಡ ಮನೆ ಮನೆಗೆ ಹೋಗುವುದು ವಾಡಿಕೆ. ಮೊದಲು ಹೋಗಬೇಕಾದ ಹಬ್ಬದ ಯಜಮಾನ ಅಮಾದೆವುವಿನ ಮನೆ ಬಿಟ್ಟು ಏರು ಹತ್ತಿದೆವು. ಸಣ್ಣ ಕೋಣೆ, ಮಂಚ, ತಲೆಗೆ ತಾಗುವ ತೊಲೆಗಳು. ಲಂಗ ಎತ್ತಿ ಹಿಡಿದು ಒಬ್ಬರ ಹಿಂದೆ ಒಬ್ಬರು ಒಳಗೆ ತೂರಿದೆವು. ಜುಲ್ಮಿರಕ್ಕ ದಿಂಬಿಗೆ ಒರಗಿದ್ದಳು. ಸೊರಗಿ ಅರ್ಧವಾಗಿದ್ದಳು.

"ಮೂರನೇ ತಿರುವಿನಲ್ಲಿ ಒಬ್ಬ ತಡ ಮಾಡಿದ," ಎಂದಳು. "ಯಾರವನು?"

"ನಾನೇ ಅಕ್ಕ," ಎಂದ ಅದೇರಿತು. "ಅಭ್ಯಾಸ ತಪ್ಪಿತು. ನಿನ್ನ ಕಡೆ ಮುಖ ಮಾಡ್ಕೊಂಡು ಕುಣಿದ್ವಿ."

"ನನ್ನ ಕಡೆ ಅಂದ್ರೆ?"

"ಹೊಳೆಗೆ ಬೆನ್ನು ಹಾಕಿ."

ಅವಳು ದಿಂಬಿನಿಂದ ತಲೆಯೆತ್ತಿದಳು. ಅಮಾದೆವು ಏನಂದ ಎಂದು ಕೇಳಿದಳು. ಅದೇರಿತು ಹೇಳಿದ, ತಾನು ಏನಂದೆ ಎಂದೂ ಹೇಳಿದ. ಇನ್ನೊಂದು ಸಲ ಹೇಳು ಎಂದಳು. ಅವನು ಹೇಳಿದ. ಅವಳು ಗೋಡೆಯ ಕಡೆ ತಿರುಗಿ, ಹೊದಿಕೆಯ ಅಂಚನ್ನು ಕಣ್ಣಿಗೆ ಒತ್ತಿ ಹಿಡಿದಳು. ಎಂಟು ಗಂಡಸರೂ ನಾನೂ ಎಲ್ಲಿ ನೋಡುವುದು ಎಂದು ತಿಳಿಯದೆ ನಿಂತೆವು. ನಾವೂ ಅಳುತ್ತಿದ್ದೆವು, ಮುಚ್ಚಿಡುವುದೇಕೆ.

ಆಮೇಲೆ ಅವಳು ಈ ಕಡೆ ತಿರುಗಿ, "ಅಪ್ಪ ಇದ್ದಿದ್ರೆ ನಿನ್ನ ಬೆನ್ನ ಮೇಲೆ ಕೋಲು ಮುರೀತಿದ್ದ" ಎಂದಳು. "ಎಲ್ಲಿ, ಆ ಮೂರನೇ ತಿರುವು ಇನ್ನೊಂದ್ಸಲ ತೋರಿಸು. ಇಲ್ಲೇ, ಮಂಚದ ಹತ್ರ."

ಜಾಗವೇ ಇರಲಿಲ್ಲ. ನಾವು ಗೋಡೆಗೆ ಅಂಟಿಕೊಂಡೆವು. ಅದೇರಿತು ಟೋಪಿ ತೆಗೆದು ಎದೆಗೆ ಹಿಡಿದು, ಮಂಚದ ಪಕ್ಕ ಪಾದ ಕೂಡಿಸಿ ನಿಂತ.

"ಯಾವ ಕಡೆ ತಿರುಗಲಿ ಮೇಷ್ಟ್ರೇ?" ಎಂದ.

ಅವಳು ಅವನನ್ನು ನೋಡಿದಳು, ನಮ್ಮೆಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು.

"ನನ್ನ ಕಡೆ," ಎಂದಳು. "ಇನ್ನೆಲ್ಲಿಗೆ ತಿರುಗ್ತೀಯ."